ಮೂರು ಸಾವಿರ ಅಂಕದ ಮೊದಲ ಸರದಿ

ಅಮೆರಿಕದ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನಲ್ಲಿ ಕಾಲೇಜಿನಿಂದ ಬರುವ ಹೊಸ ಆಟಗಾರರನ್ನು ಐಪಿಎಲ್‌ನಂತೆ ಹರಾಜು ಕೂಗುವುದಿಲ್ಲ. 32 ತಂಡಗಳು ಸರದಿಯಂತೆ ಒಬ್ಬೊಬ್ಬರನ್ನು ಆರಿಸಿಕೊಳ್ಳುತ್ತವೆ. ಹಿಂದಿನ ಋತುವಿನಲ್ಲಿ ಎಲ್ಲರಿಗಿಂತ ಹೆಚ್ಚು ಸೋತ ತಂಡಕ್ಕೆ ಮೊದಲ ಸರದಿ, ಪ್ರಶಸ್ತಿ ಗೆದ್ದ ತಂಡಕ್ಕೆ ಕೊನೆಯದು. ಹೀಗೆ 7 ಸುತ್ತು ನಡೆಯುವ ಈ ಆಯ್ಕೆಗೆ ಡ್ರಾಫ್ಟ್ ಎಂದು ಹೆಸರು. ಕೈಯಲ್ಲಿರುವ ಸರದಿಯನ್ನು ಬೇರೆ ತಂಡಕ್ಕೆ ಕೊಟ್ಟು, ಬದಲಿಗೆ ಅವರ ಸರದಿಗಳನ್ನೋ ಆಟಗಾರರನ್ನೋ ಪಡೆಯಬಹುದು. ಆದರೆ 3ನೇ ಸರದಿಗೆ ಎಷ್ಟು ಕೇಳಬೇಕು?

1991ರ ಹೊತ್ತಿಗೆ ಡಲ್ಲಾಸ್ ಕೌಬಾಯ್ಸ್ ತಂಡ ಇದಕ್ಕೊಂದು ಪಟ್ಟಿ ಮಾಡಿಕೊಂಡಿತು. ಲೆಕ್ಕ ಹಾಕಿದವರು ತಂಡದ ಪಾಲುದಾರ ಮೈಕ್ ಮೆಕಾಯ್. ಪಟ್ಟಿಗೆ ಅಂಟಿಕೊಂಡದ್ದು ಮಾತ್ರ ಕೋಚ್ ಜಿಮ್ಮಿ ಜಾನ್ಸನ್ ಅವರ ಹೆಸರು. ಹಿಂದಿನ ಕೆಲವು ವರ್ಷಗಳಲ್ಲಿ ಯಾವ ಸರದಿಗೆ ಏನು ಕೈಬದಲಾಗಿತ್ತು ಎಂದು ನೋಡಿ, ಒಂದೊಂದಕ್ಕೂ ಅಂಕ ಕೊಟ್ಟರು. 1ನೇ ಸರದಿಗೆ 3000, 3ನೆಯದಕ್ಕೆ 2200, 10ನೆಯದಕ್ಕೆ 1300, 16ನೆಯದಕ್ಕೆ 1000, 32ನೆಯದಕ್ಕೆ 590. ಎರಡನೇ ಸುತ್ತಿನ ಕೊನೆಯ ಹೊತ್ತಿಗೆ ಅದು 270ಕ್ಕೆ ಇಳಿದಿರುತ್ತದೆ. ಎರಡೂ ಕಡೆಯ ಅಂಕ ಕೂಡಿಸಿ, ಹೆಚ್ಚುಕಡಿಮೆ ಸಮವಾದರೆ ಒಪ್ಪಂದ. ಡ್ರಾಫ್ಟ್ ನಡೆಯುವಾಗ ಗಡಿಯಾರ ಓಡುತ್ತಿರುತ್ತದೆ. ಫೋನಿನಲ್ಲಿ ಕೆಲವೇ ನಿಮಿಷದಲ್ಲಿ ಮಾತು ಮುಗಿಸಲು ಇಂಥದ್ದೊಂದು ಪಟ್ಟಿ ಬೇಕೇ ಬೇಕು.

ತೊಡಕು ಶುರುವಾಗುವುದು ಮುಂದಿನ ವರ್ಷಗಳ ಸರದಿ ಸೇರಿದಾಗ. ಅದು ಎಷ್ಟನೆಯದಾಗುತ್ತದೆ ಎಂದು ಆಗ ಯಾರಿಗೂ ಗೊತ್ತಿರುವುದಿಲ್ಲ. ಹಾಗಾಗಿ ಸುತ್ತಿನ ನಡುವಿನ ಸರದಿ ಎಂದು ಹಿಡಿದು, ಕಾಯಬೇಕಾದ ಪ್ರತಿ ವರ್ಷಕ್ಕೆ ಒಂದು ಸುತ್ತು ಕೆಳಗಿಳಿಸುವುದು ರೂಢಿ. ಮುಂದಿನ ವರ್ಷದ ಮೊದಲ ಸುತ್ತಿನ ಸರದಿ ಎಂದರೆ ಈ ವರ್ಷದ ಎರಡನೇ ಸುತ್ತಿನದಕ್ಕೆ ಸಮ.

2021ರ ಮಾರ್ಚ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊ 49ಅರ್ಸ್ ತಂಡ ಮಯಾಮಿ ಡಾಲ್ಫಿನ್ಸ್‌ನಿಂದ 3ನೇ ಸರದಿ ಪಡೆಯಿತು. ಕೊಟ್ಟದ್ದು ಆ ವರ್ಷದ 12ನೇ ಸರದಿ, 2022 ಮತ್ತು 2023ರ ಮೊದಲ ಸುತ್ತಿನ ಸರದಿಗಳು, ಜೊತೆಗೆ 2022ರ ಮೂರನೇ ಸುತ್ತಿನ ಒಂದು. ರೂಢಿಯ ಲೆಕ್ಕದಲ್ಲಿ 12ನೆಯದಕ್ಕೆ 1200, 2022ರದಕ್ಕೆ ಎರಡನೇ ಸುತ್ತಿನ ನಡುವಿನ 420, 2023ರದಕ್ಕೆ ಮೂರನೇ ಸುತ್ತಿನ ನಡುವಿನ 190, ಉಳಿದ ಚಿಲ್ಲರೆಗೆ ಸುಮಾರು 40. ಒಟ್ಟು 1850. 2200ರ ಸರಕು ಅಗ್ಗಕ್ಕೆ ಸಿಕ್ಕಿತು ಎನ್ನಬೇಕು. ಇನ್ನು ಕಾಯುವಿಕೆಗೆ ಕಡಿತವನ್ನೇ ಹಾಕದೆ ಎಣಿಸಿ ನೋಡಿ. ಆ ಎರಡು ಮೊದಲ ಸುತ್ತುಗಳಿಗೆ ತಲಾ 1000 ಹಿಡಿದರೆ ಮೊತ್ತ 3200 ದಾಟುತ್ತದೆ! ಆಟಗಾರ ಯಾರೆಂಬ ಮಾತೇ ಇಲ್ಲದೆ, ಕಡಿತದ ಒಂದು ರೂಢಿಯಿಂದಲೇ ಲಾಭ ನಷ್ಟವಾಗಿ ತಿರುಗಿಬಿಟ್ಟಿತು.

ಈ ಕಡಿತ ಎಷ್ಟು ದುಬಾರಿ ಎಂದು ಲೆಕ್ಕ ಹಾಕಿ ತೋರಿಸಿದವರು ಸಂಶೋಧಕ ಕೇಡ್ ಮ್ಯಾಸಿ ಮತ್ತು ಅರ್ಥಶಾಸ್ತ್ರಜ್ಞ ರಿಚರ್ಡ್ ಥೇಲರ್ (ಥೇಲರ್‌ಗೆ 2017ರಲ್ಲಿ ನೊಬೆಲ್ ಬಂತು). 2013ರಲ್ಲಿ ಪ್ರಕಟವಾದ ಅವರ ಅಧ್ಯಯನದ ಪ್ರಕಾರ ತಂಡಗಳು ವರ್ಷಕ್ಕೆ 136% ಬಡ್ಡಿ ತೆತ್ತಂತೆ ವ್ಯವಹರಿಸುತ್ತವೆ. ನಡುಸುತ್ತಿನ 1000 ಅಂಕವನ್ನು 2.36ರಿಂದ ಭಾಗಿಸಿದರೆ 424. ಪಟ್ಟಿಯಲ್ಲಿ ಎರಡನೇ ಸುತ್ತಿನ ನಡುವಿನ ಅಂಕ 420. ಮೀಟರ್ ಬಡ್ಡಿಯವರೂ ನಾಚಬೇಕಾದ ಈ ದರವನ್ನು ತಂಡಗಳು ತೆರುವುದಕ್ಕೆ ಕಾರಣ ಸರಳ ಎಂದು ನನಗನಿಸುತ್ತದೆ. ಈ ವರ್ಷ ಗೆಲ್ಲದ ಕೋಚ್‌ಗೆ ಮುಂದಿನ ವರ್ಷ ಕೆಲಸವೇ ಇರದಿರಬಹುದು. ತಾಳ್ಮೆಯ ಫಲ ಉಣ್ಣುವವನು ಬೇರೊಬ್ಬ.

ಮ್ಯಾಸಿ ಮತ್ತು ಥೇಲರ್ ಅವರ ಇನ್ನೊಂದು ಮಾತು ಇನ್ನೂ ಆಳವಾದದ್ದು. ಪಟ್ಟಿ ಹೇಳುವುದು ಸಂತೆಯಲ್ಲಿ ನಡೆಯುವ ದರವನ್ನು. ವಸ್ತು ಅಷ್ಟು ಬೆಲೆ ಬಾಳುತ್ತದೆಯೇ ಎಂಬುದು ಬೇರೆ ಪ್ರಶ್ನೆ. 10, 16 ಮತ್ತು 26ನೇ ಸರದಿಗಳ ಅಂಕ ಕೂಡಿಸಿ: 1300, 1000, 700. ಸರಿಯಾಗಿ 3000. ಅಂದರೆ ಮೊದಲ ಸರದಿಯ ಒಬ್ಬ ಆಟಗಾರ ಈ ಮೂವರಿಗೆ ಸಮ. ಆದರೆ ಒಂದೇ ಸ್ಥಾನದಲ್ಲಿ ಆಡುವ ಇಬ್ಬರು ಒಬ್ಬರ ಹಿಂದೊಬ್ಬರು ಆಯ್ಕೆಯಾದಾಗ, ಮೊದಲು ಆಯ್ಕೆಯಾದವನೇ ಮೇಲಾಗುವ ಸಾಧ್ಯತೆ ನಾಣ್ಯ ಚಿಮ್ಮುವುದಕ್ಕಿಂತ ಕೊಂಚವೇ ಹೆಚ್ಚು ಎಂದು ಇವರು ಕಂಡುಕೊಂಡರು. ಇಷ್ಟು ಮಸುಕಾದ ಮುನ್ನೋಟಕ್ಕೆ ಮೂರು ಅವಕಾಶ ಒತ್ತೆಯಿಡುವುದು ಬಹಳ ಸಲ ನಷ್ಟದ ಬಾಬತ್ತು.

ನಿಜವಾದ ಬೆಲೆ ಅಳೆಯಲು ಆಟವೊಂದನ್ನೇ ನೋಡಿದರೆ ಸಾಲದು, ಸಂಬಳ ಕಳೆಯಬೇಕು. 1994ರಿಂದ ಎಲ್ಲ ತಂಡಗಳಿಗೂ ಸಂಬಳದ ಒಟ್ಟು ಮಿತಿಯಿದೆ. ಒಬ್ಬನಿಗೆ ಹೆಚ್ಚು ಕೊಟ್ಟರೆ ಇನ್ನೊಬ್ಬನಿಗೆ ಕಡಿಮೆ. ಆದ್ದರಿಂದ ಕೇಳಬೇಕಾದ್ದು ಇಷ್ಟು: ಇವನು ಆಡುವಷ್ಟೇ ಚೆನ್ನಾಗಿ ಆಡುವ ಅನುಭವಿಯನ್ನು ಮುಕ್ತ ಮಾರುಕಟ್ಟೆಯಿಂದ ತರಲು ಎಷ್ಟು ಬೇಕಿತ್ತು, ಇವನಿಗೆ ಎಷ್ಟು ಕೊಡುತ್ತಿದ್ದೇವೆ? ಆ ವ್ಯತ್ಯಾಸವೇ ತಂಡದ ಉಳಿತಾಯ. ಹಳೆಯ ಸಂಬಳ ಪದ್ಧತಿಯಲ್ಲಿ ಇದು ಅತಿ ಹೆಚ್ಚಾಗಿದ್ದದ್ದು ಎರಡನೇ ಸುತ್ತಿನ ಆರಂಭದ ಸುಮಾರಿಗೆ. ಪಟ್ಟಿಯ ಮೇಲ್ತುದಿಯಲ್ಲಿ ಅಷ್ಟಿರಲಿಲ್ಲ.

2011ರಲ್ಲಿ ಹೊಸಬರ ಸಂಬಳಕ್ಕೆ ಕಟ್ಟುನಿಟ್ಟಿನ ಶ್ರೇಣಿ ಬಂದು ಚಿತ್ರ ಬದಲಾಯಿತು. 2010ರ ಮೊದಲ ಆಯ್ಕೆ ಸ್ಯಾಮ್ ಬ್ರಾಡ್‌ಫರ್ಡ್‌ಗೆ 6 ವರ್ಷಕ್ಕೆ 7.8 ಕೋಟಿ ಡಾಲರ್ ಒಪ್ಪಂದ. ಮರುವರ್ಷದ ಮೊದಲ ಆಯ್ಕೆ ಕ್ಯಾಮ್ ನ್ಯೂಟನ್‌ಗೆ 4 ವರ್ಷಕ್ಕೆ ಸುಮಾರು 2.2 ಕೋಟಿ. ಮೇಲಿನ ಸರದಿಗಳ ನಿಜವಾದ ಬೆಲೆ ಒಮ್ಮೆಲೇ ಏರಿತು. ಹಳೆಯ ಅಂಕಗಳನ್ನು ಇಂದಿಗೂ ಕಣ್ಣುಮುಚ್ಚಿ ಬಳಸುವವರು ಈ ಬದಲಾವಣೆಯನ್ನು ಮರೆಯುತ್ತಾರೆ.

ಕ್ವಾರ್ಟರ್‌ಬ್ಯಾಕ್ ಸ್ಥಾನಕ್ಕೆ ಮಾತ್ರ ಬೇರೆಯೇ ತಕ್ಕಡಿ. ಆಟ ನಡೆಸುವ, ಚೆಂಡೆಸೆಯುವ ಆ ಒಬ್ಬನಿಗಾಗಿ ತಂಡಗಳು ಅಂಕ ನೋಡದೆ ಕೊಡುತ್ತವೆ. 2023ರಲ್ಲಿ ಕ್ಯಾರೊಲೈನಾ ಪ್ಯಾಂಥರ್ಸ್ ಮೊದಲ ಸರದಿಗಾಗಿ ಶಿಕಾಗೊ ಬೇರ್ಸ್‌ಗೆ 9 ಮತ್ತು 61ನೇ ಸರದಿ, 2024ರ ಮೊದಲ ಸುತ್ತು, 2025ರ ಎರಡನೇ ಸುತ್ತು, ಜೊತೆಗೆ ಡಿಜೆ ಮೂರ್ ಎಂಬ ಪಳಗಿದ ಆಟಗಾರನನ್ನೂ ಕೊಟ್ಟಿತು. ಆರಿಸಿದ್ದು ಬ್ರೈಸ್ ಯಂಗ್‌ನನ್ನು. ಆ ಋತುವಿನಲ್ಲಿ ತಂಡ ಗೆದ್ದದ್ದು 2, ಸೋತದ್ದು 15. ರೂಢಿಯಂತೆ 420 ಎಂದು ಎಣಿಸುವ ಆ 2024ರ ಸರದಿ 3000 ಅಂಕದ ಮೊದಲ ಸರದಿಯಾಗಿ ಶಿಕಾಗೊ ಪಾಲಾಯಿತು. ಸ್ಯಾನ್ ಫ್ರಾನ್ಸಿಸ್ಕೊ ಕೊಟ್ಟ ಎರಡೂ ಮೊದಲ ಸುತ್ತುಗಳು, ತಂಡ ಗೆಲ್ಲುತ್ತಲೇ ಹೋದದ್ದರಿಂದ, 29ನೆಯವಾದವು. ತಲಾ 640 ಅಂಕ. ಮುಂದಿನ ವರ್ಷದ ಸರದಿ ಕೇಳುವಾಗ ಸುತ್ತಿಗಿಂತ ಮೊದಲು ಅದು ಯಾರ ಸರದಿ ಎಂದು ನೋಡಬೇಕು.

ಸ್ಯಾನ್ ಫ್ರಾನ್ಸಿಸ್ಕೊ ಪಡೆದ ಆ 3ನೇ ಸರದಿಯಲ್ಲಿ ಬಂದ ಕ್ವಾರ್ಟರ್‌ಬ್ಯಾಕ್ ಟ್ರೇ ಲ್ಯಾನ್ಸ್ 4 ಪಂದ್ಯಗಳನ್ನು ಆರಂಭಿಸಿ, 2023ರ ಆಗಸ್ಟ್‌ನಲ್ಲಿ ನಾಲ್ಕನೇ ಸುತ್ತಿನ ಒಂದು ಸರದಿಗೆ ಡಲ್ಲಾಸ್‌ಗೆ ಹೋದ. ಅವನ ಜಾಗ ತುಂಬಿ, ಆ ಋತುವಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ತಂಡವನ್ನು ಲೀಗ್‌ನ ಅಂತಿಮ ಪಂದ್ಯ ಸೂಪರ್ ಬೌಲ್‌ವರೆಗೆ ಒಯ್ದವನು 2022ರ ಕಟ್ಟಕಡೆಯ, 262ನೇ ಆಯ್ಕೆ ಬ್ರಾಕ್ ಪರ್ಡಿ. ಆಗ ಅವನ ವರ್ಷದ ಸಂಬಳ 10 ಲಕ್ಷ ಡಾಲರ್ ಕೂಡ ಇರಲಿಲ್ಲ.