ಪ್ರಮಾಣ: ‘ನಿನಗೆ ಹೇಗೆ ಗೊತ್ತು?’

ಜುಲೈಯಲ್ಲಿ ಉಡುಪಿ ಕಡೆಯ ಮನೆಗಳಲ್ಲಿ ರಾತ್ರಿ ಊಟದ ಹೊತ್ತಿಗೆ ಒಂದು ಮಾತು ಎದ್ದೇ ಏಳುತ್ತದೆ: ‘ನಾಳೆ ರಜೆ ಉಂಟಾ?’ ಹೊರಗೆ ಮಳೆ ಹೊಡೆಯುತ್ತಿರುತ್ತದೆ. ಅಷ್ಟರಲ್ಲಿ ವಾಟ್ಸಾಪ್‌ಗೆ ಜಿಲ್ಲಾಧಿಕಾರಿಯ ಆದೇಶದ ಫೋಟೋ ಬಂದು ಬೀಳುತ್ತದೆ. ಮಕ್ಕಳು ಕುಣಿಯುತ್ತಾರೆ. ಅಮ್ಮ ಮಾತ್ರ, ‘ಯಾರು ಕಳಿಸಿದ್ದು? ತಾರೀಕು ನೋಡು ಮಾರಾಯ, ಕಳೆದ ವರ್ಷದ್ದಾ ಏನೋ’ ಅನ್ನುತ್ತಾರೆ.

ಅಮ್ಮ ಕೇಳಿದ್ದು ಪ್ರಮಾಣದ ಪ್ರಶ್ನೆ. ರಜೆ ಇದೆಯೋ ಇಲ್ಲವೋ ಅನ್ನುವುದು ಒಂದು. ಇದೆ ಅಂತ ನಿನಗೆ ಗೊತ್ತಾದ ದಾರಿ ಯಾವುದು, ಅದು ನಂಬುವಂಥದ್ದಾ ಅನ್ನುವುದು ಇನ್ನೊಂದು. ನಮ್ಮ ದರ್ಶನಗಳು ಜಗತ್ತು, ಆತ್ಮ, ದೇವರು ಅಂತ ಮಾತು ಶುರು ಮಾಡುವ ಮೊದಲು ಈ ಎರಡನೆಯದನ್ನು ಇತ್ಯರ್ಥ ಮಾಡಿಕೊಳ್ಳಲು ನೋಡುತ್ತವೆ. ದೇವಸ್ಥಾನದ ಆಣೆ ಪ್ರಮಾಣ, ಕಚೇರಿಯ ಪ್ರಮಾಣ ಪತ್ರ ಸದ್ಯಕ್ಕೆ ಬಿಡಿ. ಇಲ್ಲಿ ಪ್ರಮಾಣ ಅಂದರೆ ಸರಿಯಾದ ತಿಳಿವು ನಮಗೆ ಸಿಗುವ ದಾರಿ. ಆ ತಿಳಿವಿಗೆ ಪ್ರಮೆ ಅಂತ ಹೆಸರು, ತಿಳಿದ ವಿಷಯಕ್ಕೆ ಪ್ರಮೇಯ ಅಂತ.

ಇಂಥ ದಾರಿಗಳು ಎಷ್ಟು? ಚಾರ್ವಾಕರಿಗೆ ಒಂದೇ, ಪ್ರತ್ಯಕ್ಷ, ಅಂದರೆ ಇಂದ್ರಿಯಗಳಿಗೆ ನೇರ ಸಿಕ್ಕಿದ್ದು. ಬೌದ್ಧರ ದಿಙ್ನಾಗ, ಧರ್ಮಕೀರ್ತಿಗಳಿಗೆ ಎರಡು: ಪ್ರತ್ಯಕ್ಷ, ಅನುಮಾನ. ಸಾಂಖ್ಯರು ಶಬ್ದವನ್ನೂ, ಅಂದರೆ ನಂಬುವಂಥವರ ಮಾತನ್ನೂ ಸೇರಿಸಿ ಮೂರು ಅಂದರು. ನ್ಯಾಯ ದರ್ಶನದವರಾದ ನೈಯಾಯಿಕರು ಉಪಮಾನ, ಅಂದರೆ ಹೋಲಿಕೆಯಿಂದ ತಿಳಿಯುವುದನ್ನು ಸೇರಿಸಿ ನಾಲ್ಕು ಮಾಡಿದರು. ಕುಮಾರಿಲ ಭಟ್ಟನ ಮೀಮಾಂಸೆಯಲ್ಲೂ ಅದ್ವೈತದಲ್ಲೂ ಆರು. ಪಾಜಕದಲ್ಲಿ ಹುಟ್ಟಿ ಉಡುಪಿಯಲ್ಲಿ ಕೃಷ್ಣನನ್ನು ಸ್ಥಾಪಿಸಿದ ಮಧ್ವಾಚಾರ್ಯರಿಗೆ, ಅಂದರೆ 13ನೇ ಶತಮಾನಕ್ಕೆ ಬಂದರೆ, ಲೆಕ್ಕ ಮತ್ತೆ ಮೂರು. ಉಳಿದವೆಲ್ಲ ಈ ಮೂರರೊಳಗೇ ಅಡಗುತ್ತವೆ ಅನ್ನುವುದು ಅವರ ವಾದ. ಪರೀಕ್ಷೆಗೆ ಓದುವವರು ಈ ಪಟ್ಟಿಯನ್ನು ಬಾಯಿಪಾಠ ಮಾಡುತ್ತಾರೆ, ಮಾಡಲಿ. ರುಚಿ ಇರುವುದು ಪಟ್ಟಿಯಲ್ಲಲ್ಲ, ‘ಇದು ಬೇಡ’ ಅಂದವರು ಯಾಕೆ ಬೇಡ ಅಂದರು ಅನ್ನುವುದರಲ್ಲಿ.

ಅನುಮಾನವನ್ನೇ ನೋಡಿ. ಇಲ್ಲಿ ಅದು ಸಂಶಯವಲ್ಲ, ಕಂಡದ್ದರಿಂದ ಕಾಣದ್ದನ್ನು ತಿಳಿಯುವುದು. ಗುಡ್ಡದ ಮೇಲೆ ಹೊಗೆ ಇದೆ, ಹಾಗಾದರೆ ಬೆಂಕಿ ಇದೆ. ಚಾರ್ವಾಕರು ಕೇಳುತ್ತಾರೆ: ಹೊಗೆ ಇದ್ದಲ್ಲೆಲ್ಲ ಬೆಂಕಿ ಇರುತ್ತದೆ ಅಂತ ನಿಮಗೆ ಹೇಗೆ ಗೊತ್ತು? ಲೋಕದ ಹೊಗೆಯನ್ನೆಲ್ಲ ನೋಡಿ ಬಂದಿದ್ದೀರಾ? ನಾಳಿನ ಹೊಗೆಯನ್ನು? ಸ್ಕಾಟ್ಲೆಂಡಿನ ಡೇವಿಡ್ ಹ್ಯೂಮ್ 18ನೇ ಶತಮಾನದಲ್ಲಿ ಹೆಚ್ಚುಕಡಿಮೆ ಇದೇ ಪ್ರಶ್ನೆ ಎತ್ತಿದ. ನಾಳೆ ಸೂರ್ಯ ಹುಟ್ಟುತ್ತಾನೆ ಅನ್ನುವುದು ತರ್ಕದಿಂದ ಬಂದದ್ದಲ್ಲ, ಅಭ್ಯಾಸದಿಂದ ಬಂದದ್ದು ಅಂದ. ಇವತ್ತಿಗೂ ಇದಕ್ಕೆ ಎಲ್ಲರೂ ಒಪ್ಪುವ ಉತ್ತರ ಇಲ್ಲ.

ಈಗ ಮಲ್ಪೆಯಿಂದ ದೋಣಿ ಹತ್ತಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗೋಣ. ಅಲ್ಲಿ ಕಲ್ಲಿನ ಕಂಬಗಳು ಒತ್ತೊತ್ತಾಗಿ ನಿಂತಿವೆ. ಹಲವಕ್ಕೆ ಆರು ಮುಖ, ಬೇರೆ ಲೆಕ್ಕದವೂ ಇವೆ. ಕೈಯಿಟ್ಟರೆ ಅಂಚು ಸ್ಪಷ್ಟವಾಗಿ ತಾಗುತ್ತದೆ. ಇದು ಪ್ರತ್ಯಕ್ಷ. ಲಾವಾ ತಣಿಯುತ್ತಾ ಕುಗ್ಗಿ, ಬಿರುಕು ಬಿಟ್ಟಾಗ ಇಂಥ ಕಂಬಗಳಾಗುತ್ತವೆ, ಆದ್ದರಿಂದ ಇಲ್ಲಿ ಹಿಂದೆ ಲಾವಾ ಹರಿದಿತ್ತು. ಇದು ಅನುಮಾನ. ಈ ಕಲ್ಲಿಗೆ ಸುಮಾರು 8.5ರಿಂದ 9 ಕೋಟಿ ವರ್ಷ ವಯಸ್ಸು, ಮಡಗಾಸ್ಕರ್ ಭಾರತದಿಂದ ಬೇರೆಯಾದ ಕಾಲದ್ದು. ಇದು?

ನಿಮಗೂ ನನಗೂ ಇದು ಶಬ್ದ. ಭೂವಿಜ್ಞಾನಿಗಳು ಕಲ್ಲಿನ ತುಣುಕಿನಲ್ಲಿ ಆರ್ಗಾನ್ ಅನಿಲ ಅಳೆದು ಅನುಮಾನದಿಂದ ತಿಳಿದರು. ನಾವು ಅವರ ಮಾತಿನಿಂದ ತಿಳಿದೆವು. ನನ್ನ ತಲೆಯಲ್ಲಿರುವುದನ್ನೆಲ್ಲ ಒಂದೊಂದಾಗಿ ತೆಗೆದು ಹೀಗೆ ವಿಂಗಡಿಸಿದರೆ ಶಬ್ದದ ರಾಶಿಯೇ ಜಾಸ್ತಿ. ನಾನು ಹುಟ್ಟಿದ ದಿನ ಯಾವುದು ಅನ್ನುವುದೂ ಅದರಲ್ಲೇ ಬಂತು, ಅಲ್ವಾ?

ಯುರೋಪಿನಲ್ಲಿ ಹೊಸ ವಿಜ್ಞಾನ ಬೆಳೆದ ಕಾಲಕ್ಕೆ ಈ ರಾಶಿಯ ಬಗ್ಗೆ ಒಂಥರಾ ಮುಜುಗರ. 1660ರಲ್ಲಿ ಶುರುವಾದ ಲಂಡನ್ನಿನ ರಾಯಲ್ ಸೊಸೈಟಿಯ ಧ್ಯೇಯವಾಕ್ಯದ ಅರ್ಥವೇ ‘ಯಾರ ಮಾತನ್ನೂ ಸುಮ್ನೆ ಒಪ್ಪಬೇಡ’ ಅಂತ. ಪರರ ಅಭಿಪ್ರಾಯ ತಲೆಯಲ್ಲಿ ತೇಲುತ್ತಿದ್ದ ಮಾತ್ರಕ್ಕೆ ಅದು ನಮ್ಮ ಜ್ಞಾನವಲ್ಲ ಅಂದ ಇಂಗ್ಲೆಂಡಿನ ತತ್ತ್ವಜ್ಞಾನಿ ಜಾನ್ ಲಾಕ್. ನೈಯಾಯಿಕರಿಗೆ ಆ ಮುಜುಗರ ಇಲ್ಲ. ಆಪ್ತನ ಮಾತೇ ಶಬ್ದ ಪ್ರಮಾಣ ಅನ್ನುತ್ತದೆ ಅವರ ಮೂಲಗ್ರಂಥ ನ್ಯಾಯಸೂತ್ರ. ಆಪ್ತ ಅಂದರೆ ಹತ್ತಿರದ ಗೆಳೆಯ ಅಲ್ಲ. ವಿಷಯವನ್ನು ತಾನು ಸರಿಯಾಗಿ ತಿಳಿದವನು, ತಿಳಿದದ್ದನ್ನು ಇದ್ದ ಹಾಗೆ ಹೇಳಬೇಕು ಅನ್ನುವವನು. ಅದಕ್ಕೆ ವಾತ್ಸ್ಯಾಯನ ಬರೆದ ಭಾಷ್ಯ ಇಲ್ಲಿ ಒಂದು ಮಾತು ಸೇರಿಸುತ್ತದೆ, ನನಗೆ ತುಂಬಾ ಹಿಡಿಸಿದ್ದು ಅದು: ಋಷಿಯಾಗಲಿ, ಆರ್ಯನಾಗಲಿ, ಮ್ಲೇಚ್ಛನಾಗಲಿ, ಆಪ್ತನ ಲಕ್ಷಣ ಎಲ್ಲರಿಗೂ ಒಂದೇ. ಹುಟ್ಟು ನೋಡಬೇಡ, ತಿಳಿವು ನೋಡು ಅಂದ ಹಾಗಾಯಿತು. ಮಲ್ಪೆ ಬಂದರಿನಲ್ಲಿ ನಾಳೆ ಕಡಲು ಹೇಗಿರುತ್ತದೆ ಅಂತ ಕೇಳಬೇಕಾದರೆ ದೊಡ್ಡ ಡಿಗ್ರಿಯವರನ್ನೇ ಹುಡುಕಬೇಕಾಗಿಲ್ಲ. ಬೋಟು ನಡೆಸುವ ತಾಂಡೇಲ ಆ ವಿಷಯಕ್ಕೆ ಆಪ್ತ. ಅದೇ ತಾಂಡೇಲ ಷೇರು ಮಾರುಕಟ್ಟೆಯ ಬಗ್ಗೆ ಹೇಳಿದರೆ ಆಪ್ತನೋ ಅಲ್ಲವೋ, ಬೇರೆ ಲೆಕ್ಕ.

ವೇದದ ವಿಷಯ ಬಂದಾಗ ಇದೇ ಶಬ್ದ ಪ್ರಮಾಣ ವಿಚಿತ್ರ ತಿರುವು ತೆಗೆದುಕೊಳ್ಳುತ್ತದೆ. ವೇದವನ್ನು ನಂಬಬಹುದು, ಯಾಕೆಂದರೆ ಅದನ್ನು ಹೇಳಿದವನು ಎಲ್ಲ ಬಲ್ಲ ಈಶ್ವರ ಅಂತ ನೈಯಾಯಿಕರು ಹೇಳಿದರು. ನಂಬಬಹುದು, ಯಾಕೆಂದರೆ ಅದನ್ನು ಯಾರೂ ಹೇಳಿದ್ದೇ ಅಲ್ಲ, ಹೇಳುವವನಿದ್ದರೆ ತಾನೇ ತಪ್ಪು ನುಸುಳುವುದು ಅಂತ ಮೀಮಾಂಸಕರು ಹೇಳಿದರು. ಹೀಗೆ ಯಾರೂ ಹೇಳದ್ದಕ್ಕೆ ಅಪೌರುಷೇಯ ಅಂತ ಹೆಸರು, ಮಧ್ವರೂ ಅದೇ ಪಕ್ಷ. ತೀರ್ಮಾನ ಒಂದೇ, ಕಾರಣ ನೇರ ಉಲ್ಟಾ.

ಈಗ ಜಗಳದ ನಡುಮನೆಗೆ ಬಂದೆವು. ತಿಳಿವು ಹುಟ್ಟಿದಾಗ ಅದು ಸರಿ ಅನ್ನುವುದು ತನ್ನಷ್ಟಕ್ಕೇ ಗೊತ್ತಾಗುತ್ತದಾ, ಹೊರಗಿನಿಂದ ಪರೀಕ್ಷೆ ಮಾಡಿಯೇ ಗೊತ್ತಾಗಬೇಕಾ? ಮೊದಲನೆಯದು ಸ್ವತಃ ಪ್ರಾಮಾಣ್ಯ, ಎರಡನೆಯದು ಪರತಃ ಪ್ರಾಮಾಣ್ಯ. ನೈಯಾಯಿಕರು ಎರಡನೆಯ ಕಡೆ. ದೂರದಲ್ಲಿ ನೀರು ಕಂಡಿತು. ಹೋಗಿ ಕುಡಿದೆ, ಬಾಯಾರಿಕೆ ಇಂಗಿತು. ಆಗ ಕಂಡದ್ದು ಸರಿ ಅಂತ ಖಾತ್ರಿ. ಕುಮಾರಿಲ ಒಪ್ಪುವುದಿಲ್ಲ. ಬಾಯಾರಿಕೆ ಇಂಗಿತು ಅನ್ನುವ ತಿಳಿವು ಸರಿ ಅಂತ ಯಾರು ಹೇಳಿದರು? ಅದಕ್ಕೂ ಇನ್ನೊಂದು ಪರೀಕ್ಷೆ ಬೇಕಲ್ಲ? ಹೀಗೆ ಹೋದರೆ ಕೊನೆಯೇ ಇಲ್ಲ. ಆದ್ದರಿಂದ ತಿಳಿವು ಬಂದ ಕೂಡಲೇ ಸರಿ ಅಂತಲೇ ಇಟ್ಟುಕೊಳ್ಳಬೇಕು, ಅದನ್ನು ಬೀಳಿಸುವಂಥದ್ದು ಎದುರಾದರೆ ಮಾತ್ರ ಬಿಡಬೇಕು.

ರಜೆಯ ಮೆಸೇಜಿಗೆ ಹಚ್ಚಿ ನೋಡಿ. ಮಕ್ಕಳು ಕುಮಾರಿಲನ ಪಕ್ಷ, ಅಮ್ಮ ನ್ಯಾಯದ ಪಕ್ಷ. ಆದರೆ ದಿನವಿಡೀ ಅಮ್ಮನೂ ನ್ಯಾಯದ ಪಕ್ಷದಲ್ಲಿ ಇರಲಾರರು. ಬಸ್ ಕಂಡಕ್ಟರ್ ‘ಮಣಿಪಾಲ, ಮಣಿಪಾಲ’ ಅಂತ ಕೂಗಿದರೆ ಹತ್ತುತ್ತಾರೆ, ಪುರಾವೆ ಕೇಳುವುದಿಲ್ಲ. ಇನ್ನೊಬ್ಬರ ಮಾತನ್ನು ನಂಬುವುದೇ ನಮ್ಮ ಮೂಲ ಸ್ವಭಾವ, ಅನುಭವ ಆಮೇಲೆ ಅದಕ್ಕೆ ಕಡಿವಾಣ ಹಾಕುತ್ತದೆ ಅಂತ 1764ರಲ್ಲಿ ಸ್ಕಾಟ್ಲೆಂಡಿನವನೇ ಆದ ಥಾಮಸ್ ರೀಡ್ ಬರೆದದ್ದು ಹ್ಯೂಮನಿಗೆ ಎದುರಾಗಿ. ಕುಮಾರಿಲನಿಗೆ ಅದು ಹೊಸ ಮಾತು ಅನಿಸುತ್ತಿರಲಿಲ್ಲ.

ಕಾಕತಾಳೀಯವಾಗಿ ಸರಿಯಾದರೆ ಅದು ತಿಳಿವಾ? 8ನೇ ಶತಮಾನದ ಬೌದ್ಧ ಪಂಡಿತ ಧರ್ಮೋತ್ತರ ಒಂದು ಉದಾಹರಣೆ ಕೊಡುತ್ತಾನೆ. ಮಾಂಸ ಸುಡಲು ಈಗಷ್ಟೇ ಬೆಂಕಿ ಹಚ್ಚಿದ್ದಾರೆ, ಹೊಗೆ ಎದ್ದಿಲ್ಲ. ಮಾಂಸಕ್ಕೆ ನೊಣಗಳು ಮುತ್ತಿವೆ. ದೂರದಿಂದ ಒಬ್ಬ ಆ ಗುಂಪನ್ನು ಹೊಗೆ ಅಂದುಕೊಂಡು ‘ಅಲ್ಲಿ ಬೆಂಕಿ ಇದೆ’ ಅನ್ನುತ್ತಾನೆ. ಬೆಂಕಿ ಇದೆ ನಿಜ, ಆದರೆ ಅವನಿಗೆ ಗೊತ್ತಿತ್ತು ಅನ್ನಬಹುದೇ? ಅಮೆರಿಕದ ಎಡ್ಮಂಡ್ ಗೆಟ್ಟಿಯರ್ 1963ರಲ್ಲಿ ಮೂರೇ ಪುಟದ ಲೇಖನದಲ್ಲಿ ಇಂಥದ್ದೇ ಎರಡು ಉದಾಹರಣೆ ಕೊಟ್ಟ. ನಿಜವಾಗಿರುವುದು, ನಂಬಿರುವುದು, ನಂಬಲು ಕಾರಣ ಇರುವುದು, ಈ ಮೂರೂ ಕೂಡಿದರೂ ಜ್ಞಾನ ಆಗದಿರಬಹುದು ಅಂತ ತೋರಿಸಿದ. ಅಲ್ಲಿನ ತತ್ತ್ವಶಾಸ್ತ್ರ ವಿಭಾಗಗಳು ಇನ್ನೂ ಅದಕ್ಕೆ ಪರಿಹಾರ ಹುಡುಕುತ್ತಿವೆ.

ಮಧ್ವರ ‘ಪ್ರಮಾಣಲಕ್ಷಣ’ ಚಿಕ್ಕ ಗ್ರಂಥ. ಅದರಲ್ಲಿ ವ್ಯಾಖ್ಯೆ ಎರಡೇ ಪದ: ಯಥಾರ್ಥಂ ಪ್ರಮಾಣಮ್. ವಸ್ತು ಹೇಗಿದೆಯೋ ಹಾಗೆ ಹಿಡಿಯುವುದು ಪ್ರಮಾಣ. ಆ ತಿಳಿವೇ ಕೇವಲ ಪ್ರಮಾಣ, ಅದನ್ನು ತರುವ ಪ್ರತ್ಯಕ್ಷ, ಅನುಮಾನ, ಆಗಮಗಳು ಅನುಪ್ರಮಾಣ. ಆಗಮ ಅಂದರೆ ಮೇಲೆ ಹೇಳಿದ ಶಬ್ದವೇ. ಕಣ್ಣು, ಕಿವಿ, ಮನಸ್ಸುಗಳ ಜೊತೆಗೆ ಅವರು ಇನ್ನೊಂದು ಇಂದ್ರಿಯ ಹೇಳುತ್ತಾರೆ, ಸಾಕ್ಷಿ. ಅದು ಬೇರೆ ಅಂಗವಲ್ಲ, ಜೀವದ ಸ್ವರೂಪವೇ. ನನಗೆ ನೋವಾಗುತ್ತಿದೆ ಅನ್ನುವುದನ್ನು ನಾನು ಯಾರನ್ನೂ ಕೇಳಿ ತಿಳಿಯುವುದಿಲ್ಲ. ಅಲ್ಲಿ ಸಂಶಯಕ್ಕೆ ಜಾಗವೇ ಇಲ್ಲ. ಉಳಿದ ತಿಳಿವುಗಳು ಸರಿ ಅಂತ ಕೊನೆಗೆ ಒಪ್ಪುವುದೂ ಈ ಸಾಕ್ಷಿಯೇ, ಕುಮಾರಿಲ ಹೆದರಿದ್ದ ಕೊನೆಯಿಲ್ಲದ ಸಾಲು ಇಲ್ಲಿ ನಿಲ್ಲುತ್ತದೆ.

ಇದರ ಬಲ ಗೊತ್ತಾಗುವುದು ದೊಡ್ಡ ಸಂಶಯಗಳ ಎದುರಿಗಿಟ್ಟಾಗ. 1111ರಲ್ಲಿ ತೀರಿಕೊಂಡ ಇಸ್ಲಾಮಿನ ಚಿಂತಕ ಅಲ್ ಗಝಾಲಿ ಬರೆದಿದ್ದಾನೆ: ಕಣ್ಣಿಗೆ ನಕ್ಷತ್ರ ದೀನಾರು ನಾಣ್ಯದಷ್ಟು ಕಾಣುತ್ತದೆ, ಗಣಿತ ಅದು ಭೂಮಿಗಿಂತ ದೊಡ್ಡದು ಅನ್ನುತ್ತದೆ. ಕಣ್ಣನ್ನು ಬುದ್ಧಿ ಸುಳ್ಳು ಮಾಡಿತು. ಬುದ್ಧಿಯನ್ನು ಸುಳ್ಳು ಮಾಡುವುದು ಇನ್ನೊಂದು ಇಲ್ಲ ಅಂತ ಹೇಗೆ ಹೇಳಲಿ? 1641ರಲ್ಲಿ ಫ್ರಾನ್ಸಿನ ತತ್ತ್ವಜ್ಞಾನಿ ಡೆಕಾರ್ಟೆ ಇಂಥದ್ದೇ ದಾರಿ ಹಿಡಿದು, ಎಲ್ಲವೂ ಕನಸಾಗಿದ್ದರೆ ಅಂತ ಕೇಳಿದ. ಜಗತ್ತು ಮಿಥ್ಯೆ ಅನ್ನುವವರಿಗೆ ಮಧ್ವರ ಪರಂಪರೆ ಕೊಡುವ ಉತ್ತರ ಇಲ್ಲೂ ಒಪ್ಪುತ್ತದೆ. ಗಣಿತ ಮಾಡಲು ನಕ್ಷತ್ರವನ್ನು ಕಣ್ಣಿಂದಲೇ ನೋಡಬೇಕಾಯಿತು. ಯಾವ ಪ್ರಮಾಣದ ಮೇಲೆ ನಿಂತು ವಾದ ಮಾಡುತ್ತೀರೋ ಅದು ಉಪಜೀವ್ಯ, ಅದನ್ನೇ ಪೂರ್ತಿ ಕಡಿದು ಹಾಕಲು ಬರುವುದಿಲ್ಲ.

ಬೌದ್ಧ ದಾರ್ಶನಿಕ ನಾಗಾರ್ಜುನ ಇದಕ್ಕೂ ಬಗ್ಗುವವನಲ್ಲ. ಪ್ರಮಾಣದಿಂದ ಪ್ರಮೇಯ ಸಿದ್ಧವಾದರೆ ಪ್ರಮಾಣ ಯಾವುದರಿಂದ ಸಿದ್ಧ ಅಂತ ಅವನು ಬಹಳ ಮೊದಲೇ ಕೇಳಿಬಿಟ್ಟಿದ್ದ. ನ್ಯಾಯಸೂತ್ರದ ಉತ್ತರ ತಕ್ಕಡಿ. ಚಿನ್ನವನ್ನು ತಕ್ಕಡಿಯಲ್ಲಿ ತೂಗುತ್ತೇವೆ, ತಕ್ಕಡಿಯ ಮೇಲೆ ಸಂಶಯ ಬಂದರೆ ತೂಕ ಗೊತ್ತಿರುವ ಚಿನ್ನದಿಂದ ಅದನ್ನೇ ಪರೀಕ್ಷಿಸುತ್ತೇವೆ. ಇಲ್ಲಿ ಅಳೆದದ್ದು ಅಲ್ಲಿ ಅಳತೆಗೋಲು. ಮಧ್ವರ ಪರಂಪರೆಯ ದ್ವೈತಿಗಳಿಗೂ ಇಂಥದ್ದೇ ಪ್ರಶ್ನೆ ಬಂತು: ಒಳಗೆ ‘ಇದು ಖಂಡಿತ’ ಅನ್ನುತ್ತಿರುವುದು ಸಾಕ್ಷಿಯೋ, ತಪ್ಪಬಲ್ಲ ಮನಸ್ಸೋ, ಆ ಹೊತ್ತಿಗೆ ಹೇಗೆ ಗೊತ್ತಾಗಬೇಕು? ಸಂಶಯ ಬಂದಲ್ಲಿ ಪರೀಕ್ಷೆ ಮಾಡು, ಪರೀಕ್ಷೆ ಸಂಶಯ ಕಳೆಯುತ್ತದೆ, ಆಮೇಲೆ ಸಾಕ್ಷಿ ನಿಶ್ಚಯ ಮಾಡುತ್ತದೆ ಅನ್ನುತ್ತಾರೆ. ಹೊರಗಿನ ಪರೀಕ್ಷೆ ಬೇಕು ಅಂತ ನೈಯಾಯಿಕರು ಹೇಳಿದ್ದೂ ಅಷ್ಟೇ ಅಲ್ವಾ ಅಂತ ನನಗೆ ಅನಿಸುತ್ತದೆ. ಈ ಮಾತನ್ನು ಉಡುಪಿಯ ರಥಬೀದಿಯಲ್ಲಿ ಯಾರಾದರೂ ವಿದ್ವಾಂಸರ ಎದುರು ಆಡಿದರೆ ಮಧ್ಯಾಹ್ನದ ಊಟಕ್ಕೆ ತಡವಾಗುವುದು ಗ್ಯಾರಂಟಿ.