ಹೂಸ್ಟನ್‌ನಲ್ಲಿ ವಿಯೆಟ್ನಾಮಿ-ಕೇಜನ್ ಕ್ರಾಫಿಶ್ ಎಲ್ಲಿ ತಿನ್ನಬೇಕು?

ಪ್ರಶ್ನೆ: ಹೂಸ್ಟನ್‌ನಲ್ಲಿರುವ ಮಗಳ ಮನೆಗೆ ಬಂದಿದ್ದೇವೆ. ಇಲ್ಲಿನ ವಿಯೆಟ್ನಾಮಿ-ಕೇಜನ್ ಶೈಲಿಯ ಕ್ರಾಫಿಶ್ (ಪುಟ್ಟ ಲಾಬ್‌ಸ್ಟರ್‌ನಂಥ ಜೀವಿ) ತಿನ್ನಲೇಬೇಕು ಅಂತಾರೆ. ಎಲ್ಲಿಗೆ ಹೋಗೋಣ?

ಉತ್ತರ: ನೇರವಾಗಿ ಬೆಲೇರ್ ಬುಲೆವಾರ್ಡ್‌ಗೆ ಹೋಗಿ. ಊರಿನ ನೈರುತ್ಯದಲ್ಲಿ ಏಷ್ಯಾದವರ ಅಂಗಡಿ, ಹೋಟೆಲುಗಳೇ ತುಂಬಿರುವ ಏಷ್ಯಾಟೌನ್‌ನ ಮುಖ್ಯ ರಸ್ತೆ ಅದು. ಕ್ರಾಫಿಶ್ ಅಂಡ್ ನೂಡಲ್ಸ್, ಕ್ರಾಫಿಶ್ ಕೆಫೆ ಎರಡೂ ಅದೇ ರಸ್ತೆಯಲ್ಲಿವೆ. ಹತ್ತಿರದ ವಿಲ್‌ಕ್ರೆಸ್ಟ್ ರಸ್ತೆಯಲ್ಲಿ ಕೇಜನ್ ಕಿಚನ್ ಇದೆ. ಮೊದಲ ಸಲವಾದರೆ ನನ್ನ ಓಟು 2008ರಲ್ಲಿ ಶುರುವಾದ ಕ್ರಾಫಿಶ್ ಅಂಡ್ ನೂಡಲ್ಸ್‌ಗೆ. ಈ ಅಡುಗೆಗೆ ದೇಶದಲ್ಲೆಲ್ಲ ಹೆಸರು ತಂದವರಲ್ಲಿ ಅಲ್ಲಿನ ಬಾಣಸಿಗ ಟ್ರಾಂಗ್ ನ್ಗುಯೆನ್ ಒಬ್ಬರು.

ಆದರೆ ಯಾವ ಹೋಟೆಲು ಅನ್ನೋದಕ್ಕಿಂತ ಯಾವ ತಿಂಗಳು ಅನ್ನೋದೇ ಮುಖ್ಯ. ಕ್ರಾಫಿಶ್ ಸಿಹಿನೀರಿನ ಜೀವಿ. ಹೆಚ್ಚಿನದು ಪಕ್ಕದ ಲೂಸಿಯಾನ ರಾಜ್ಯದ ಭತ್ತದ ಗದ್ದೆಗಳಿಂದ ಬರುತ್ತದೆ. ಇಲ್ಲಿನ ಬೇಸಿಗೆಯಲ್ಲಿ (ಜೂನ್‌ನಿಂದ ಆಗಸ್ಟ್) ಅದು ಕೆಸರಿನ ಬಿಲದಲ್ಲಿ ಅಡಗಿರುತ್ತದೆ. ಕೊಯ್ಲು ಮುಗಿದು ಗದ್ದೆಗೆ ಮತ್ತೆ ನೀರು ಕಟ್ಟಿದಾಗ ಮರಿಗಳ ಜೊತೆ ಹೊರಗೆ ಬರುತ್ತದೆ. ಹಾಗಾಗಿ ಜನವರಿಯಿಂದ ಸಿಕ್ಕರೂ, ಮಾರ್ಚ್‌ನಿಂದ ಮೇ ತನಕ ಸಿಗುವುದೇ ದಪ್ಪ, ರುಚಿ, ಬೆಲೆಯೂ ಕಡಿಮೆ. ಮಳೆ ಕೈಕೊಟ್ಟರೆ ಲೆಕ್ಕ ತಪ್ಪುತ್ತದೆ: 2023ರ ಬರದಿಂದ 2024ರಲ್ಲಿ ಬೆಲೆ ವಿಪರೀತ ಏರಿತ್ತು.

ರುಚಿಯ ಗುಟ್ಟು ಏನು ಅಂದ್ರೆ, ಲೂಸಿಯಾನದ ಕೇಜನ್ ಜನ (ಅಲ್ಲಿನ ಫ್ರೆಂಚ್ ಮೂಲದವರು) ಖಾರದ ಮಸಾಲೆ ನೀರಲ್ಲಿ ಬೇಯಿಸಿ, ಬಸಿದು ಬಡಿಸುತ್ತಾರೆ. 1975ರಲ್ಲಿ ದಕ್ಷಿಣ ವಿಯೆಟ್ನಾಮಿನ ರಾಜಧಾನಿ ಸೈಗಾನ್ ಕಮ್ಯುನಿಸ್ಟರ ಕೈಗೆ ಬಿದ್ದ ಮೇಲೆ ಲೂಸಿಯಾನ, ಟೆಕ್ಸಸ್ ಕರಾವಳಿಗೆ ಬಂದ ವಿಯೆಟ್ನಾಮಿಗಳಲ್ಲಿ ಎಷ್ಟೋ ಜನ ಸಿಗಡಿ ಹಿಡಿಯುವ ಕೆಲಸ ಹಿಡಿದರು. ಅವರ ಸಮುದಾಯದ ಅಡುಗೆಯವರು ಬೆಂದ ಕ್ರಾಫಿಶ್ಶನ್ನು ಬೆಣ್ಣೆ, ಬೆಳ್ಳುಳ್ಳಿಯಲ್ಲಿ ಹೊರಳಿಸಿದರು. ಕೆಲವರು ಲೆಮನ್‌ಗ್ರಾಸ್, ಕಿತ್ತಳೆಯನ್ನೂ ಹಾಕುತ್ತಾರೆ. ಚಿಪ್ಪಿಗೆ ಮೆತ್ತಿದ ಆ ಸಾಸ್ ಬಿಡಬೇಡಿ, ಬೆರಳು ಚೀಪಿ ತಿನ್ನಿ! ಅದ್ದಿಕೊಳ್ಳಲು ಉಪ್ಪು, ಕಾಳುಮೆಣಸು, ನಿಂಬೆರಸ ಕೇಳಿ.

ಪೌಂಡ್ (ಸುಮಾರು 450 ಗ್ರಾಂ) ಲೆಕ್ಕದಲ್ಲಿ ಮಾರುತ್ತಾರೆ. ಬಹುಪಾಲು ಚಿಪ್ಪೇ ಆದ್ದರಿಂದ ಒಬ್ಬರಿಗೆ 2–3 ಪೌಂಡ್ ಜಾಸ್ತಿ ಅಲ್ಲ. ಜೋಳ, ಆಲೂಗಡ್ಡೆ ಜೊತೆಗಿರಲಿ. ದರ ದಿನದಿನಕ್ಕೂ ಬದಲಾಗುತ್ತದೆ, ಹೊರಡುವ ಮೊದಲು ಫೋನ್ ಮಾಡಿ. ತಲೆ ತಿರುಚಿ ಬೇರ್ಪಡಿಸಿ, ಬಾಲದ ಚಿಪ್ಪು ಸುಲಿದರೆ ಮಾಂಸ ಸಿಗುತ್ತದೆ. ಕೈಗವಸು ಕೊಟ್ಟರೆ ಹಾಕಿಕೊಳ್ಳಿ, ಖಾರದ ಕೈ ಕಣ್ಣಿಗೆ ತಾಗಬಾರದು. ಸಿಗಡಿ ತಿಂದರೆ ಅಲರ್ಜಿ ಆಗುವವರು ಇದನ್ನು ಮುಟ್ಟಲೇಬೇಡಿ.

ಸೀಸನ್ ಮುಗಿದಿದ್ದರೆ ಫ್ರೋಜನ್ ಕ್ರಾಫಿಶ್‌ಗೆ ದುಡ್ಡು ಹಾಕಬೇಡಿ. ಅದೇ ಸಾಸ್‌ನಲ್ಲಿ ಸಿಗಡಿಯೋ ಏಡಿಯೋ ಮಾಡಿಕೊಡಲು ಹೇಳಿ.