ಮರಿಯಾಗದ ಮೊಟ್ಟೆಯ ಮರಣೋತ್ತರ ಪರೀಕ್ಷೆ

ಇಪ್ಪತ್ತೆರಡನೆಯ ದಿನವೂ ಕಳೆಯಿತು. ಥರ್ಮೋಕೋಲ್ ಪೆಟ್ಟಿಗೆಯೊಳಗೆ ನಾಲ್ಕೈದು ಮರಿಗಳು ಚಿಂವ್‌ಗುಟ್ಟುತ್ತಿವೆ, ಉಳಿದ ಮೊಟ್ಟೆಗಳು ಅಲುಗಾಡುತ್ತಿಲ್ಲ. ಮನೆಯಲ್ಲೇ ಮೊಟ್ಟೆಗೆ ಕಾವು ಕೊಡುವ ಇನ್‌ಕ್ಯುಬೇಟರ್ ಇಟ್ಟುಕೊಂಡವರು ಇಂಥ ಹೊತ್ತಿನಲ್ಲಿ ಸಾಮಾನ್ಯವಾಗಿ ಎರಡು ಕೆಲಸ ಮಾಡುತ್ತಾರೆ: ಉಳಿದದ್ದನ್ನು ತಿಪ್ಪೆಗೆ ಎಸೆಯುತ್ತಾರೆ, ಬಿಸಿಯನ್ನು ಹತೋಟಿಯಲ್ಲಿಡುವ ಥರ್ಮೋಸ್ಟಾಟನ್ನು ಬೈಯುತ್ತಾರೆ. ಥರ್ಮೋಸ್ಟಾಟ್ ತಪ್ಪಿತಸ್ಥ ಇರಬಹುದು, ಇಲ್ಲದೆಯೂ ಇರಬಹುದು. ಆದರೆ ಅದನ್ನು ಹೇಳಬಲ್ಲ ಸಾಕ್ಷಿಯೇ ತಿಪ್ಪೆ ಸೇರಿತಲ್ಲ! ಭ್ರೂಣ ಯಾವ ದಿನ ಸತ್ತಿತು ಎಂದು ಗೊತ್ತಾದರೆ ಯಾಕೆ ಸತ್ತಿತು ಎಂಬುದು ಮುಕ್ಕಾಲು ಪಾಲು ಗೊತ್ತಾದ ಹಾಗೆ. ಅದಕ್ಕೆ ಮೊಟ್ಟೆ ಒಡೆದು ನೋಡಬೇಕು.

ಕೋಳಿಮೊಟ್ಟೆ ಈ ಪರೀಕ್ಷೆಗೆ ಹೇಳಿ ಮಾಡಿಸಿದ್ದು. ಅದರೊಳಗಿನ ಬೆಳವಣಿಗೆ 21 ದಿನಗಳ ಪಂಚಾಂಗದಂತೆ ಕರಾರುವಾಕ್ಕು. ಎರಡು ಸಾವಿರದ ಮುನ್ನೂರು ವರ್ಷಗಳ ಹಿಂದೆಯೇ ಅರಿಸ್ಟಾಟಲ್, ಮೂರು ಹಗಲು ಮೂರು ರಾತ್ರಿ ಕಾವು ಕಂಡ ಮೊಟ್ಟೆಯಲ್ಲಿ ರಕ್ತದ ಚುಕ್ಕೆಯಂತೆ ಮಿಡಿಯುವ ಹೃದಯವನ್ನು ವರ್ಣಿಸಿದ್ದ. 1951ರಲ್ಲಿ ವಿಕ್ಟರ್ ಹ್ಯಾಂಬರ್ಗರ್ ಮತ್ತು ಹೋವರ್ಡ್ ಹ್ಯಾಮಿಲ್ಟನ್ ಎಂಬ ವಿಜ್ಞಾನಿಗಳು ಇಡೀ ಬೆಳವಣಿಗೆಯನ್ನು 46 ಹಂತಗಳಾಗಿ ವಿಂಗಡಿಸಿದರು. ಪ್ರಯೋಗಾಲಯಗಳಲ್ಲಿ ಇಂದಿಗೂ ಅದೇ ಲೆಕ್ಕ. ನಮಗೆ ಅಷ್ಟು ಸೂಕ್ಷ್ಮ ಬೇಕಿಲ್ಲ. ನಾಲ್ಕೈದನೆಯ ದಿನಕ್ಕೆ ಕಣ್ಣು ಕಪ್ಪು ಚುಕ್ಕೆಯಾಗಿ ಕಾಣುತ್ತದೆ. ಹತ್ತನೆಯ ದಿನದ ಹೊತ್ತಿಗೆ ಕೊಕ್ಕಿನ ತುದಿಯಲ್ಲಿ, ಮುಂದೆ ಚಿಪ್ಪು ಒಡೆಯಲಿರುವ ಪುಟ್ಟ ಬಿಳಿ ಮೊನೆ ಇರುತ್ತದೆ. 13–14ಕ್ಕೆ ಮೈತುಂಬ ನಯವಾದ ತುಪ್ಪುಳ. 18ಕ್ಕೆ ದಪ್ಪ ತುದಿಯ ಗಾಳಿಕೋಶ ಬಿಟ್ಟು ಉಳಿದ ಜಾಗವೆಲ್ಲ ಮರಿಯೇ. 19–20ರಲ್ಲಿ ಹಳದಿ ಲೋಳೆಯ ಚೀಲ ಹೊಟ್ಟೆಯೊಳಕ್ಕೆ ಸೇರಿಕೊಳ್ಳುತ್ತದೆ. ಇಷ್ಟು ನೆನಪಿದ್ದರೆ ಸಾಕು.

ಒಡೆಯುವ ಕೆಲಸ ಮನೆಯ ಹೊರಗೆ, ಕೈಗವಸು ಹಾಕಿಕೊಂಡು, ಮೊಟ್ಟೆಯ ದಪ್ಪ ತುದಿಯಿಂದ. ನಾರುವ, ಬೆವರಿನಂತೆ ದ್ರವ ಒಸರುವ ಮೊಟ್ಟೆಗೆ ಮಾತ್ರ ಕೈಹಾಕಬೇಡಿ. ಒಳಗೆ ಬ್ಯಾಕ್ಟೀರಿಯಾಗಳು ಅನಿಲ ತುಂಬಿಟ್ಟಿರುತ್ತವೆ, ಪಟಾಕಿಯ ಹಾಗೆ ಸಿಡಿದರೆ ಉಳಿದ ಮೊಟ್ಟೆಗಳಿಗೂ ಸೋಂಕು. ಅದನ್ನು ಹಾಗೇ ಹೂಳುವುದು ಒಳ್ಳೆಯದು.

ಮೊದಲು ಏನೂ ಬೆಳೆಯದ ಮೊಟ್ಟೆ. ಇದನ್ನು ಕಂಡ ಕೂಡಲೇ ‘ಹುಂಜ ಸರಿಯಿಲ್ಲ’ ಎನ್ನುವುದು ರೂಢಿ. ಹುಂಜದ ಮೇಲೆ ಆರೋಪ ಹೊರಿಸುವ ಮೊದಲು ಹಳದಿಯ ಮೇಲಿನ ಬಿಳಿ ಚುಕ್ಕೆಯನ್ನು ನೋಡಿ. ಫಲಿತವಾಗದ ಮೊಟ್ಟೆಯಲ್ಲಿ ಅದು ಚಿಕ್ಕದು, ಗಟ್ಟಿ ಬಿಳುಪು, ಅಂಚು ಅಂಕುಡೊಂಕು. ಫಲಿತವಾಗಿ ಬಹಳ ಬೇಗ ಸತ್ತದ್ದರಲ್ಲಿ ಚುಕ್ಕೆ ಅಗಲವಾಗಿ, ಉಂಗುರದಂತೆ ಅಥವಾ ಕೆನೆಯಂತೆ ಹರಡಿರುತ್ತದೆ. ಎರಡನೆಯದಾಗಿದ್ದರೆ ತಪ್ಪು ಹುಂಜದ್ದಲ್ಲ, ಮೊಟ್ಟೆ ಕೂಡಿಟ್ಟವರದು. (ಅಂಗಡಿಯ ಫಾರಂ ಮೊಟ್ಟೆ ಇಟ್ಟು ಕಾಯುವವರೂ ಇದ್ದಾರೆ. ಮೊಟ್ಟೆ ಕೋಳಿಗಳ ಫಾರಂಗಳಲ್ಲಿ ಹುಂಜವೇ ಇರುವುದಿಲ್ಲ, ಮರಿ ಎಲ್ಲಿಂದ ಬರಬೇಕು?)

ಹೇಂಟೆ ಮೊಟ್ಟೆ ಇಡುವಷ್ಟರಲ್ಲೇ ಒಳಗಿನ ಭ್ರೂಣಕ್ಕೆ ಸರಿಸುಮಾರು ಒಂದು ದಿನದ ವಯಸ್ಸಾಗಿರುತ್ತದೆ. ಹತ್ತಾರು ಸಾವಿರ ಜೀವಕೋಶಗಳಾಗಿರುತ್ತವೆ. ಹೊರಗಿನ ತಂಪಿಗೆ ಬಿದ್ದೊಡನೆ ಅದು ಬೆಳೆಯುವುದನ್ನು ನಿಲ್ಲಿಸಿ ನಿದ್ದೆ ಹೋಗುತ್ತದೆ. ಈ ನಿದ್ದೆಗೆ 15ರಿಂದ 18 ಡಿಗ್ರಿ ಸೆಲ್ಸಿಯಸ್ ಹಿತ. ಇಪ್ಪತ್ತರ ಮೇಲೆ ಹೋದಂತೆ ನಿದ್ದೆ ಸಡಿಲವಾಗುತ್ತದೆ. ಬಳ್ಳಾರಿಯ ಏಪ್ರಿಲ್‌ನಲ್ಲಿ 33–34 ಡಿಗ್ರಿಯ ಅಡುಗೆಮನೆಯ ಮೂಲೆಯಲ್ಲಿ ಹತ್ತು ದಿನ ಮೊಟ್ಟೆ ಕೂಡಿಟ್ಟರೆ ಭ್ರೂಣ ಪೂರ್ತಿ ಮಲಗುವುದೂ ಇಲ್ಲ, ಸರಿಯಾಗಿ ಬೆಳೆಯುವುದೂ ಇಲ್ಲ. ಪೆಟ್ಟಿಗೆಗೆ ಇಟ್ಟ ಎರಡು ಮೂರು ದಿನದಲ್ಲಿ ಅದರ ಕಥೆ ಮುಗಿಯುತ್ತದೆ. ಹಾಗಂತ ಫ್ರಿಜ್ಜಿನ ನಾಲ್ಕೈದು ಡಿಗ್ರಿಯೂ ಆಗದು. ಒದ್ದೆ ಮರಳಿನ ಮೇಲೆ ಮಣ್ಣಿನ ಮಡಕೆ ಇಟ್ಟು ಅದರಲ್ಲಿ ಒಂದು ವಾರಕ್ಕಿಂತ ಹೆಚ್ಚಾಗದಂತೆ ಕೂಡಿಡುವುದು ನಮ್ಮ ಬಿಸಿಲಿಗೆ ತಕ್ಕ ಉಪಾಯ. ಕೊರಿಯರ್‌ನಲ್ಲಿ ತರಿಸಿದ ಮೊಟ್ಟೆ ದಾರಿಯುದ್ದಕ್ಕೂ ಕುಲುಕಿರುತ್ತದೆ. ದಪ್ಪ ತುದಿ ಮೇಲೆ ಮಾಡಿ ಒಂದು ದಿನ ಸುಮ್ಮನೆ ಇಟ್ಟು ಆಮೇಲೆ ಕಾವಿಗೆ ಇಡಬೇಕು.

ಏಳನೆಯ ದಿನ ಟಾರ್ಚ್ ಹಿಡಿದು ನೋಡುವಾಗ ಕೆಲವು ಮೊಟ್ಟೆಗಳಲ್ಲಿ ಕೆಂಪು ಉಂಗುರ ಕಾಣುತ್ತದೆ. ಮೊದಲ ವಾರದಲ್ಲಿ ಸತ್ತ ಭ್ರೂಣದ ರಕ್ತ ಅಂಚಿಗೆ ಸರಿದು ನಿಂತ ಗುರುತು ಅದು. ಒಂದೆರಡು ಇದ್ದರೆ ಚಿಂತೆಯಿಲ್ಲ. ರಾಶಿಯಾಗಿ ಕಂಡರೆ ಕೂಡಿಟ್ಟ ಬಗೆಯ ಜೊತೆಗೆ ಮೊದಲ ದಿನಗಳ ಬಿಸಿಯನ್ನೂ ಅನುಮಾನಿಸಬೇಕು.

ನಡುವಿನ ವಾರದ ಸಾವು ಅಪರೂಪ. ಭ್ರೂಣಗಳು ಹೆಚ್ಚಾಗಿ ಸಾಯುವುದು ಮೊದಲ ನಾಲ್ಕೈದು ದಿನಗಳಲ್ಲಿ, ಇಲ್ಲವೇ ಕೊನೆಯ ಮೂರು ದಿನಗಳಲ್ಲಿ. ಹಾಗಾಗಿ ತುಪ್ಪುಳ ಮೂಡುವ ಹೊತ್ತಿಗೆ ಸತ್ತವು ಹಲವು ಸಿಕ್ಕಿದರೆ ಪೆಟ್ಟಿಗೆಯನ್ನು ಬಿಟ್ಟು ಹೇಂಟೆಯ ಮೇವಿನ ಕಡೆ ನೋಡಿ. ರೈಬೊಫ್ಲಾವಿನ್, ಅಂದರೆ ಬಿ2 ಜೀವಸತ್ವ ಕಡಿಮೆಯಾದ ಹೇಂಟೆ ಚೆನ್ನಾಗಿಯೇ ಮೊಟ್ಟೆ ಇಡುತ್ತದೆ, ಆದರೆ ಒಳಗಿನ ಜೀವಕ್ಕೆ ಅರ್ಧ ದಾರಿಯಲ್ಲೇ ಬುತ್ತಿ ಮುಗಿಯುತ್ತದೆ. ತುಪ್ಪುಳ ಅರಳದೆ ಗಂಟುಗಂಟಾಗಿರುವುದು ಅದರ ಲಕ್ಷಣ. ಬರೀ ಅಕ್ಕಿ, ಜೋಳ ತಿಂದು ಕಟ್ಟಿದ ಜಾಗದಲ್ಲೇ ಇರುವ ಕೋಳಿಗಳಲ್ಲಿ ಇದು ಹೆಚ್ಚು. ಹಸಿರು ಮೇಯುತ್ತ ತಿಪ್ಪೆ ಕೆದರಿ ಬೆಳೆದ ನಾಟಿ ಕೋಳಿಗೆ ಈ ಕೊರತೆ ಕಡಿಮೆ.

ಎಲ್ಲರನ್ನೂ ಹೆಚ್ಚು ಕಾಡುವುದು ಕೊನೆಯ ಸಾವು. ಪೂರ್ತಿ ಬೆಳೆದ ಮರಿ, ಕಣ್ಣು, ಕಾಲು, ಕೊಕ್ಕು ಎಲ್ಲ ಸರಿಯಿದ್ದೂ ಚಿಪ್ಪಿನೊಳಗೇ ಸತ್ತಿರುತ್ತದೆ. ಇಲ್ಲಿ ಮೊದಲು ನೋಡಬೇಕಾದದ್ದು ನೀರಿನ ಲೆಕ್ಕ.

ಚಿಪ್ಪಿನಲ್ಲಿ ಸುಮಾರು ಹತ್ತು ಸಾವಿರ ಸೂಕ್ಷ್ಮ ರಂಧ್ರಗಳಿವೆ. ಆಮ್ಲಜನಕ ಒಳಬರುವುದೂ ನೀರಾವಿ ಹೊರಹೋಗುವುದೂ ಅವುಗಳ ಮೂಲಕವೇ. 18 ದಿನದಲ್ಲಿ ಮೊಟ್ಟೆ ತನ್ನ ತೂಕದ ಶೇ 11–13ರಷ್ಟನ್ನು ನೀರಾವಿಯಾಗಿ ಕಳೆದುಕೊಳ್ಳಬೇಕು. ಹಾಗೆ ಖಾಲಿಯಾದ ಜಾಗವೇ ದಪ್ಪ ತುದಿಯ ಗಾಳಿಕೋಶ. ಇಪ್ಪತ್ತನೆಯ ದಿನದ ಸುಮಾರಿಗೆ ಮರಿ ಮೊದಲು ಕೊಕ್ಕು ತೂರಿಸುವುದು ಆ ಗಾಳಿಗೆ. ಶ್ವಾಸಕೋಶದ ಮೊದಲ ಉಸಿರು ಅಲ್ಲಿಯೇ. ತೇವ ಹೆಚ್ಚಾಗಿ ನೀರು ಸಾಕಷ್ಟು ಹೋಗದಿದ್ದರೆ ಕೋಶ ಚಿಕ್ಕದು, ಮರಿ ಊದಿಕೊಂಡು ತಿರುಗಲಾಗದೆ ಒಳಗಿನ ದ್ರವದಲ್ಲೇ ಮುಳುಗುತ್ತದೆ. ಒಡೆದಾಗ ಸುತ್ತ ನೀರು ನೀರು. ತೇವ ಕಡಿಮೆಯಾದರೆ ಪೊರೆ ಒಣಗಿ ಮರಿಯ ಮೈಗೆ ಬಿಗಿಯಾಗಿ ಅಂಟಿಕೊಂಡಿರುತ್ತದೆ. ಎರಡೂ ಸಾವೇ, ಮದ್ದು ಮಾತ್ರ ಪರಸ್ಪರ ವಿರುದ್ಧ. ಒಡೆದು ನೋಡದೆ ‘ಇನ್ನಷ್ಟು ನೀರು ಇಡಿ’ ಎಂದು ಸಲಹೆ ಕೊಡುವವರ ಮೇಲೆ ನನಗೆ ಸಿಟ್ಟು ಬರುವುದು ಇದಕ್ಕೇ.

ಮಂಗಳೂರಿನ ಮಳೆಗಾಲದಲ್ಲಿ ತೇವ ಶೇ 90, ಹಾಗಾಗಿ ಪೆಟ್ಟಿಗೆಯಲ್ಲಿ ನೀರೇ ಇಡಬಾರದು ಎನ್ನುವ ಮಾತುಂಟು. ಪೂರ್ತಿ ಸರಿಯಲ್ಲ. ಗಾಳಿ ಬಿಸಿಯಾದಂತೆ ಅದು ಹಿಡಿದಿಡಬಲ್ಲ ಆವಿಯ ಪ್ರಮಾಣ ಏರುತ್ತದೆ, ಹಾಗಾಗಿ ಸಾಪೇಕ್ಷ ತೇವ ಇಳಿಯುತ್ತದೆ. 26 ಡಿಗ್ರಿಯ, ಶೇ 90 ತೇವದ ಗಾಳಿ ಪೆಟ್ಟಿಗೆಯ ಒಳಗೆ 37.5 ಡಿಗ್ರಿಗೆ ಕಾದಾಗ ಶೇ 47ರ ಸುಮಾರಿಗೆ ಬರುತ್ತದೆ. ಮೊದಲ 18 ದಿನ ಬೇಕಾದದ್ದು 50–55, ಅಂದರೆ ಒಂದು ಸಣ್ಣ ಬಟ್ಟಲು ನೀರು ಸಾಕು. ಬೆಂಗಳೂರಿನ ಜನವರಿಯ ಮಧ್ಯಾಹ್ನ 24 ಡಿಗ್ರಿಯಲ್ಲಿ ಶೇ 40 ಇದ್ದರೆ ಅದೇ ಗಾಳಿ ಒಳಗೆ ಶೇ 18ಕ್ಕೆ ಕುಸಿಯುತ್ತದೆ. ಅದರ ಮೇಲೆ, ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಎತ್ತರದಲ್ಲಿದೆ. ಗಾಳಿಯ ಒತ್ತಡ ಕಡಿಮೆಯಾದ್ದರಿಂದ ರಂಧ್ರಗಳ ಮೂಲಕ ಆವಿ ಇನ್ನೂ ಹತ್ತನೇ ಒಂದು ಪಾಲು ಬೇಗ ಹೊರಬೀಳುತ್ತದೆ. ಕರಾವಳಿಯ ಗೆಳೆಯರ ಲೆಕ್ಕ ಇಲ್ಲಿ ನಡೆಯುವುದಿಲ್ಲ. ತೇವ ಹೆಚ್ಚಿಸಬೇಕೆಂದರೆ ಆಳವಾದ ಲೋಟ ತುಂಬಿಸಿ ಪ್ರಯೋಜನವಿಲ್ಲ. ನೀರು ಆವಿಯಾಗುವುದು ಮೇಲ್ಮೈಯಿಂದ. ಅಗಲವಾದ ತಟ್ಟೆ ಇಡಬೇಕು, ಅಥವಾ ಅದರಲ್ಲಿ ಬಟ್ಟೆಯೊಂದನ್ನು ನಿಲ್ಲಿಸಬೇಕು.

ತೇವಮಾಪಕ ನಂಬಬಹುದೇ? ಅಗ್ಗದ ಡಿಎಚ್‌ಟಿ 11 ಸಂವೇದಕ ಐದು ಶೇಕಡಾ ಅಂಶ ಆಚೀಚೆ ಹೇಳುವುದು ಅದರ ತಯಾರಿಕೆಯ ಮಿತಿಯಲ್ಲೇ ಇದೆ. ನನ್ನ ಮಟ್ಟಿಗೆ ಅದಕ್ಕಿಂತ ಒಳ್ಳೆಯ ಉಪಕರಣ ತಕ್ಕಡಿ. ಕಾವಿಗೆ ಇಡುವ ದಿನ ಹತ್ತು ನಾಟಿ ಮೊಟ್ಟೆಗಳು ಒಟ್ಟಿಗೆ 400 ಗ್ರಾಂ ತೂಗಿದವು ಎನ್ನೋಣ. ಏಳನೆಯ ದಿನ 381ರ ಆಸುಪಾಸು, ಹದಿನೆಂಟನೆಯ ದಿನ 352ರ ಆಸುಪಾಸು ಇರಬೇಕು. ಏಳನೆಯ ದಿನ 388 ಇದ್ದರೆ ನೀರು ತೆಗೆಯಿರಿ, 374 ಇದ್ದರೆ ತಟ್ಟೆ ದೊಡ್ಡದು ಮಾಡಿ. ಮಾಪಕ ಹೇಳುವುದು ನೋಡಿದ ಕ್ಷಣದ ತೇವ. ತೂಕ ಹೇಳುವುದು ಹಗಲು, ರಾತ್ರಿ, ಕರೆಂಟು ಹೋದ ಹೊತ್ತು ಎಲ್ಲದರ ಸರಾಸರಿ.

ಕೊನೆಯ ಸಾವಿನ ಇನ್ನೊಂದು ಕಾರಣ ಬಿಸಿ. ಮರಿಗಳೆಲ್ಲ 20ನೆಯ ದಿನಕ್ಕಿಂತ ಮುಂಚೆಯೇ, ಸಣ್ಣಗೆ, ಹೊಕ್ಕುಳು ಒಣಗದೆ ಹೊರಬಂದರೆ ಬಿಸಿ ಹೆಚ್ಚಾಗಿದೆ. 22–23ಕ್ಕೆ ಎಳೆದು, ಹೊಟ್ಟೆ ದಪ್ಪವಾಗಿ, ಹಳದಿ ಚೀಲ ಹೊರಗೇ ಉಳಿದಿದ್ದರೆ ಕಡಿಮೆ. ಫ್ಯಾನ್ ಇರುವ ಪೆಟ್ಟಿಗೆಗೆ 37.5 ಡಿಗ್ರಿ. ಫ್ಯಾನ್ ಇಲ್ಲದಿದ್ದರೆ ಬಿಸಿಗಾಳಿ ಮೇಲೆ ತಣ್ಣನೆಯದು ಕೆಳಗೆ ಪದರ ಕಟ್ಟುತ್ತದೆ, ಆಗ ಮೊಟ್ಟೆಯ ನೆತ್ತಿಯ ಮಟ್ಟದಲ್ಲಿ 38.5ರ ಸುಮಾರಿರಬೇಕು. ಮನೆಯ ಪೆಟ್ಟಿಗೆಗಳಲ್ಲಿ ಹೆಚ್ಚಾಗಿ ಕಾಣುವ ಡಬ್ಲ್ಯು 1209 ಎಂಬ ಪುಟ್ಟ ಥರ್ಮೋಸ್ಟಾಟ್ ಬೋರ್ಡಿನಲ್ಲಿ ಒಂದು ಮರ್ಮವಿದೆ. ಅಂಗಡಿಯಿಂದ ಬರುವಾಗ ಅದರ ಪಿ1 ಮೌಲ್ಯ 2.0 ಇರುತ್ತದೆ: 37.5ಕ್ಕೆ ಬಿಸಿ ಕೊಡುವ ಬಲ್ಬು ಆರಿದರೆ ಮತ್ತೆ ಹೊತ್ತಿಕೊಳ್ಳುವುದು 35.5ಕ್ಕೆ. ಪಿ1 ಅನ್ನು 0.2–0.3ಕ್ಕೆ ಇಳಿಸದಿದ್ದರೆ ಮೊಟ್ಟೆಗಳು ದಿನವಿಡೀ ಉಯ್ಯಾಲೆಯಾಡುತ್ತವೆ. ಸಂವೇದಕ ನಿಜ ಹೇಳುತ್ತಿದೆಯೇ ಎಂದು ನೋಡಲು ಜ್ವರದ ಥರ್ಮಾಮೀಟರ್ ಸಾಕು. ಎರಡನ್ನೂ ಉಗುರುಬೆಚ್ಚಗಿನ ನೀರಿನಲ್ಲಿ ಜೊತೆಗಿಟ್ಟು ಓದಿ. ಕಾವಿನ ಉಷ್ಣತೆಯೂ ನಮ್ಮ ಜ್ವರದ ಉಷ್ಣತೆಯೂ ಒಂದೇ ಆಸುಪಾಸಿನಲ್ಲಿರುವುದು ಅನುಕೂಲವೇ ಆಯಿತು.

ಇಂಥ ಪೆಟ್ಟಿಗೆಗೆ ಬಿಸಿ ಮಾಡಲು ಬರುತ್ತದೆ, ತಂಪು ಮಾಡಲು ಬರುವುದಿಲ್ಲ. ರಾಯಚೂರಿನ ಮೇ ತಿಂಗಳಲ್ಲಿ ಕೋಣೆಯೇ 40 ಮುಟ್ಟಿದರೆ ಬಲ್ಬು ಆರಿಯೇ ಇದ್ದರೂ ಮೊಟ್ಟೆ ಬೇಯುತ್ತದೆ. ಕೊನೆಯ ವಾರದಲ್ಲಂತೂ ಮರಿಗಳು ತಾವೇ ಶಾಖ ಹೊರಸೂಸುತ್ತವೆ. ತಣಿಯುವುದು ಇದಕ್ಕಿಂತ ಎಷ್ಟೋ ವಾಸಿ. ಮೇವಿಗೆಂದು ಹೇಂಟೆ ದಿನವೂ ಗೂಡು ಬಿಟ್ಟು ಏಳುತ್ತದಲ್ಲ! ಕರೆಂಟು ಹೋದರೆ ಮುಚ್ಚಳ ತೆರೆಯದೆ, ಗಾಳಿತೂತುಗಳನ್ನು ಮಾತ್ರ ಬಿಟ್ಟು, ಕಂಬಳಿ ಹೊದಿಸಿದರೆ ಕೆಲವು ಗಂಟೆ ದೂಡಬಹುದು. ಮರಿ ಹೊರಬರುವುದು ಸ್ವಲ್ಪ ತಡವಾಗಬಹುದು, ಅಷ್ಟೇ.

ದಪ್ಪ ತುದಿ ಒಡೆದಾಗ ತಲೆಯ ಬದಲು ಕಾಲು ಕಂಡರೆ, ಮೊಟ್ಟೆಯನ್ನು ಚೂಪು ತುದಿ ಮೇಲಾಗಿ ಇಟ್ಟಿದ್ದೀರಿ. ಭ್ರೂಣ ಪೊರೆಗೆ ಅಂಟಿದ್ದು, ಬಿಳಿಲೋಳೆ ಬಳಕೆಯಾಗದೆ ಉಳಿದಿದ್ದರೆ ಹೊರಳಿಸಿದ್ದು ಸಾಲದು. ದಿನಕ್ಕೆ ಮೂರರಿಂದ ಐದು ಸಲ, 18ನೆಯ ದಿನದವರೆಗೆ. ಮೊದಲ ವಾರದಲ್ಲಂತೂ ತಪ್ಪಿಸಬಾರದು.

ಇನ್ನು ಚಿಪ್ಪಿಗೆ ತೂತು ಮಾಡಿ ನಿಂತ ಮರಿ. ಮೊದಲ ತೂತಿನಿಂದ ಹೊರಬರುವವರೆಗೆ 12ರಿಂದ 24 ಗಂಟೆ ಹಿಡಿಯುವುದು ಸಹಜ. ಆ ಹೊತ್ತಿನಲ್ಲಿ ಅದು ಸುಮ್ಮನೆ ಕೂತಿರುವುದಿಲ್ಲ: ಪೊರೆಯ ರಕ್ತನಾಳಗಳ ರಕ್ತವನ್ನು ಮೈಗೆ ಎಳೆದುಕೊಳ್ಳುತ್ತದೆ, ಹಳದಿ ಚೀಲವನ್ನು ಹೊಟ್ಟೆಗೆ ಸೇರಿಸಿಕೊಳ್ಳುತ್ತದೆ. ಅವಸರದಲ್ಲಿ ಸುಲಿದರೆ ರಕ್ತ ಸೋರುತ್ತದೆ. 24 ಗಂಟೆ ಮೀರಿದ ಮೇಲೆ ಪೊರೆ ಒದ್ದೆ ಮಾಡಿ ನೋಡಿ. ಕೆಂಪು ನಾಳ ಕಂಡರೆ ಮುಟ್ಟಬೇಡಿ. ಕಾಣದಿದ್ದರೆ ತೂತನ್ನು ಸ್ವಲ್ಪ ಅಗಲ ಮಾಡಬಹುದು. ಕೊನೆಯ ಮೂರು ದಿನ ತೇವ ಶೇ 65–70 ಇರಲಿ. ಮೊದಲು ಹುಟ್ಟಿದ್ದು ಹಸಿದು ಕೂಗುತ್ತಿದೆ ಎಂದು ಪದೇಪದೇ ಮುಚ್ಚಳ ತೆಗೆದರೆ ಆ ತೇವವೆಲ್ಲ ಹಾರಿಹೋಗಿ, ಇನ್ನೂ ಕುಕ್ಕುತ್ತಿರುವ ಮರಿಗಳ ಪೊರೆ ಒಣಗುತ್ತದೆ. ಹುಟ್ಟಿದ ಮರಿಯ ಹೊಟ್ಟೆಯಲ್ಲಿರುವ ಹಳದಿ ಲೋಳೆ ಅದನ್ನು ಎರಡು ಮೂರು ದಿನ ಸಾಕಬಲ್ಲದು. ಒಂದು ದಿನದ ಮರಿಗಳನ್ನು ರಟ್ಟಿನ ಪೆಟ್ಟಿಗೆಯಲ್ಲಿ ನೀರು, ಮೇವು ಇಲ್ಲದೆ ದೂರದೂರಿಗೆ ಕಳುಹಿಸಲು ಸಾಧ್ಯವಾಗುವುದೂ ಅದರಿಂದಲೇ.